ಚಿತ್ತು ಹೊಡೆದ ಚಾರ್ಟಿಗೆ ಎಷ್ಟು ಅಂಕ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಬಣ್ಣ ಹೊಡೆಸುವ ಗಲಾಟೆ, ಜೊತೆಗೆ ನನ್ನ ಸಹಜ ಸೋಮಾರಿತನ. ನೆಪಕ್ಕೇನೂ ಬರವಿಲ್ಲ. ಇವತ್ತು ಕೂತು ಬರೀತಿರೋದಕ್ಕೆ ಕಾರಣ ಒಂದು ಸಹಿ. ನಾನೇ, ನನ್ನ ಕೈಯಾರೆ ಹಾಕಿದ್ದು. ಹಾಕಬಾರದಿತ್ತು.

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಒಂದು ದಿನ ಫೋನ್ ಮಾಡಿದರು. "ಲೋ, ನಮ್ಮ ಕಡೆ ಮಕ್ಕಳಿಗೆ ವಿಜ್ಞಾನ ಸ್ಪರ್ಧೆ ಇದೆ. ತಂಡಕ್ಕೆ ಐದು ಮಕ್ಕಳು. ಶನಿವಾರ ನಿಂಗೆ ರಜಾ ತಾನೇ? ಬಂದು ಜಡ್ಜ್ ಆಗು." ಮೇಷ್ಟ್ರು ಕರೆದರೆ ಇಲ್ಲ ಅನ್ನೋಕಾಗುತ್ತಾ? ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಯಾವ ಊರು, ಯಾವ ಶಾಲೆ, ನಡೆಸಿದವರು ಯಾರು ಅಂತ ಬರೆಯೋದಿಲ್ಲ. ಅದು ಮುಖ್ಯವೂ ಅಲ್ಲ. ನಿಮ್ಮ ತಾಲ್ಲೂಕಿಗೆ ಹೋದರೂ ಇದೇ ಹಾಲ್, ಇದೇ ಬೆಂಚು, ಇದೇ ಶಾಮಿಯಾನ ಸಿಗುತ್ತೆ.

ಒಟ್ಟು ಇಪ್ಪತ್ತೆರಡು ತಂಡ. ಜಡ್ಜುಗಳು ಮೂರು ಜನ. ಒಬ್ಬರು ನಿವೃತ್ತ ಲೆಕ್ಚರರ್, ಇನ್ನೊಬ್ಬರು ಊರಿನ ಗಣ್ಯರು, ಮೂರನೆಯವನು ನಾನು. ಒಂದು ತಂಡಕ್ಕೆ ಏಳು ನಿಮಿಷ. ಕೈಗೆ ಒಂದು ಹಾಳೆ ಕೊಟ್ಟರು. ಮಾದರಿ 20 ಅಂಕ, ವಿವರಣೆ 15, ಹೊಸತನ 10, ತಂಡದ ಕೆಲಸ 5. ಒಟ್ಟು ಐವತ್ತು. ಐದು ಮಕ್ಕಳು ಸೇರಿ ಮಾಡಬೇಕು ಅಂತ ಷರತ್ತು ಹಾಕಿ, ಸೇರಿ ಮಾಡಿದರೋ ಇಲ್ಲವೋ ಅನ್ನೋದಕ್ಕೆ ಐವತ್ತರಲ್ಲಿ ಐದು! ಆ ಐದರಲ್ಲೂ ಎಲ್ಲರಿಗೂ ನಾಲ್ಕು ಬರೆದುಬಿಡಿ ಅಂತ ಮೊದಲೇ ಸಲಹೆ ಬಂತು. "ಪಾಪ, ಎಲ್ಲರೂ ಕಷ್ಟಪಟ್ಟಿರ್ತಾರೆ" ಅಂತ.

ಹಾಲ್ ತುಂಬಾ ಥರ್ಮೋಕೋಲ್ ವಾಸನೆ. ಮೂರು ಜ್ವಾಲಾಮುಖಿ, ಮೂರರಲ್ಲೂ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಕೆಂಪು ನೊರೆ ಬರಿಸೋದು. ನಾಲ್ಕು ಮಳೆನೀರು ಕೊಯ್ಲು, ನಾಲ್ಕರಲ್ಲೂ ಥರ್ಮೋಕೋಲ್ ಮನೆ, ಸ್ಟ್ರಾ ಪೈಪು, ಹಸಿರು ಬಣ್ಣ ಬಳಿದ ಮರದ ಹೊಟ್ಟಿನ ಹುಲ್ಲು. ನಗಬೇಡಿ. ನಾನೂ ಏಳನೇ ಕ್ಲಾಸಿನಲ್ಲಿ ಇದೇ ಜ್ವಾಲಾಮುಖಿ ಮಾಡಿ ಸರ್ಟಿಫಿಕೇಟ್ ತಗೊಂಡವನೇ. ಅದರಲ್ಲಿ ಪ್ರಶ್ನೆಯೇ ಇಲ್ಲ, ಬರೀ ಉತ್ತರ ಮಾತ್ರ ಇದೆ ಅಂತ ನನಗೆ ಹೊಳೆದಿದ್ದು ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಈಗ ಎರಡು ತಂಡಗಳ ಬಗ್ಗೆ ಹೇಳ್ತೀನಿ.

ಮೊದಲನೆಯದು ಒಂದು ಸ್ಮಾರ್ಟ್ ಕಸದಬುಟ್ಟಿ. ಕೈ ಹತ್ತಿರ ತಂದರೆ ಮುಚ್ಚಳ ತಾನಾಗೇ ತೆರೆಯುತ್ತೆ. ಒಳಗೆ ಒಂದು ಆರ್ಡುಯಿನೊ ಬೋರ್ಡು, ಒಂದು ಅಲ್ಟ್ರಾಸಾನಿಕ್ ಸೆನ್ಸರು, ಒಂದು ಪುಟ್ಟ ಸರ್ವೋ ಮೋಟರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದವರಿಗೆ ಈ ಮೂರೂ ಚೆನ್ನಾಗಿ ಗೊತ್ತು. ಅಲ್ಲೇ ಕಿಟ್ ಸಿಗುತ್ತೆ, ಕೋಡು ಅಂತರ್ಜಾಲದಲ್ಲಿ ಸಿಗುತ್ತೆ. ತಂಡದ ನಾಯಕ ಇಸ್ತ್ರಿ ಮಾಡಿದ ಕೋಟು ಹಾಕ್ಕೊಂಡು ಇಂಗ್ಲಿಷಿನಲ್ಲಿ ನಾಲ್ಕು ನಿಮಿಷ ಎಡವದೆ ಮಾತಾಡಿದ. ಉಳಿದ ನಾಲ್ವರು ಹಿಂದೆ ಸಾಲಾಗಿ, ರಾಷ್ಟ್ರಗೀತೆಗೆ ನಿಂತ ಹಾಗೆ ನಿಂತಿದ್ದರು.

ನಾನು ಕೇಳಿದೆ. "ಕೈ ಎಷ್ಟು ದೂರ ಇದ್ದಾಗ ಮುಚ್ಚಳ ತೆರೆಯುತ್ತಪ್ಪ?"

ನಾಯಕ ಹಿಂದೆ ತಿರುಗಿ ನೋಡಿದ. ಹಿಂದಿನವರು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು "ಟ್ವೆಂಟಿ ಸೆಂಟಿಮೀಟರ್ ಸರ್" ಅಂದರು.

"ಅಳೆದು ನೋಡಿದ್ದೀರಾ?"

ಅಳೆದಿರಲಿಲ್ಲ. ಸ್ಕೇಲ್ ತರಿಸಿ ಅಲ್ಲೇ ಅಳೆದೆವು. ಮೂವತ್ತೈದರಲ್ಲೇ ತೆರೆಯಿತು. ನೋಡಿ, ಇದು ಎಂಥಾ ಒಳ್ಳೆ ಘಳಿಗೆ! ಆ ಸೆನ್ಸರು ಬಾವಲಿ ಥರ ನಮಗೆ ಕೇಳಿಸದ ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಬರೋ ಹೊತ್ತನ್ನು ಅಳೆದು, ಶಬ್ದದ ವೇಗದಿಂದ ದೂರ ಲೆಕ್ಕ ಹಾಕುತ್ತೆ. ಶಬ್ದ ಹೋಗಿ ಬರುವುದರಿಂದ ಎರಡರಿಂದ ಭಾಗಿಸಬೇಕು. ಇಪ್ಪತ್ತು ಅಂದುಕೊಂಡದ್ದು ಮೂವತ್ತೈದು ಯಾಕಾಯ್ತು? ಕೋಡಿನಲ್ಲಿ ಬರೆದ ಅಂಕಿ ಬೇರೆ ಇದೆಯಾ? ಸೆನ್ಸರು ಓರೆಯಾಗಿ ಕೂತಿದೆಯಾ? ಇಡೀ ಒಂದು ಸಂಜೆಗಾಗುವಷ್ಟು ವಿಜ್ಞಾನ ಆ ಹದಿನೈದು ಸೆಂಟಿಮೀಟರಿನಲ್ಲಿತ್ತು. ಆದರೆ ಏಳು ನಿಮಿಷ ಮುಗಿದಿತ್ತು. ಗಂಟೆ ಹೊಡೆದರು.

ಎರಡನೆಯದು ಸರ್ಕಾರಿ ಶಾಲೆಯ ತಂಡ. ಮೇಜಿನ ಮೇಲೆ ಮಾದರಿಯೇ ಇಲ್ಲ. ಒಂದು ಲೀಟರ್ ನೀರಿನ ಬಾಟಲಿ, ಒಂದು ಗಡಿಯಾರ, ನೂರು ಪುಟದ ನೋಟ್‌ಬುಕ್ಕು, ಒಂದು ಚಾರ್ಟು. ವಿಷಯ ಏನು ಅಂದ್ರೆ ಊರಿನ ಬೀದಿ ನಲ್ಲಿಗಳಲ್ಲಿ ದಿನಕ್ಕೆ ಎಷ್ಟು ನೀರು ತೊಟ್ಟಿಕ್ಕಿ ಹೋಗುತ್ತೆ ಅನ್ನೋದು. ಊರಲ್ಲಿ ಸೋರುವ ನಲ್ಲಿ ಒಂಬತ್ತು. ಪ್ರತಿ ನಲ್ಲಿ ಕೆಳಗೆ ಬಾಟಲಿ ಇಟ್ಟು ತುಂಬೋಕೆ ಎಷ್ಟು ನಿಮಿಷ ಬೇಕು ಅಂತ ಬರ್ಕೊಂಡಿದ್ದರು. ದೇವಸ್ಥಾನದ ಎದುರಿನ ನಲ್ಲಿಯಲ್ಲಿ 12 ನಿಮಿಷಕ್ಕೆ ಒಂದು ಲೀಟರ್. ಅಂದರೆ ಗಂಟೆಗೆ 5 ಲೀಟರ್. ಒಂಬತ್ತೂ ಸೇರಿ ಗಂಟೆಗೆ 27. ಇಪ್ಪತ್ತನಾಲ್ಕರಿಂದ ಗುಣಿಸಿ ಚಾರ್ಟಿನ ಮೇಲೆ ದೊಡ್ಡದಾಗಿ ಬರೆದಿದ್ದರು: ದಿನಕ್ಕೆ 648 ಲೀಟರ್.

ಆ 648ರ ಮೇಲೆ ಎರಡು ಗೆರೆ ಎಳೆದು ಚಿತ್ತು ಹೊಡೆದಿತ್ತು. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ 135 ಅಂತ ಬರೆದಿತ್ತು.

ಮಾತಾಡುತ್ತಿದ್ದ ಹುಡುಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸ್ತಾ ಇದ್ದ. ಚಿತ್ತು ಯಾಕೆ ಅಂದಾಗ ತಡವರಿಸಿದ. ಆಗ ಚಾರ್ಟಿನ ಒಂದು ತುದಿ ಹಿಡಿದು ನಿಂತಿದ್ದ ಹುಡುಗಿ, ಎಂಟನೇ ಕ್ಲಾಸಿರಬಹುದು, ಮೆಲ್ಲಗೆ ಹೇಳಿದಳು. "ಸಾರ್, ನಲ್ಲೀಲಿ ದಿನಾಪೂರ್ತಿ ನೀರು ಬರಲ್ಲ ಸಾರ್. ಬೆಳಿಗ್ಗೆ ಮೂರು ಗಂಟೆ, ಸಾಯಂಕಾಲ ಎರಡು ಗಂಟೆ ಬಿಡ್ತಾರೆ. ನೀರು ಇಲ್ದೇ ಇರುವಾಗ ಸೋರಲ್ಲ. ಇಪ್ಪತ್ತನಾಲ್ಕು ಅಂತ ಗುಣಿಸಿದ್ದು ತಪ್ಪು. ಐದರಿಂದ ಗುಣಿಸ್ಬೇಕು." ಆಮೇಲೆ ಇನ್ನೂ ಮೆಲ್ಲಗೆ ಸೇರಿಸಿದಳು. "ಟ್ಯಾಂಕ್ ಖಾಲಿ ಆಗ್ತಾ ಆಗ್ತಾ ಸೋರೋದೂ ನಿಧಾನ ಆಗುತ್ತೆ. ಅದಕ್ಕೇ ಒಂದೊಂದು ನಲ್ಲೀಗೂ ಮೂರು ಸಲ ಅಳೆದು ಸರಾಸರಿ ತಗೊಂಡಿದೀವಿ."

ನೋಟ್‌ಬುಕ್ ತೆರೆದು ನೋಡಿದೆ. ಇಪ್ಪತ್ತೇಳು ಅಳತೆ, ತಾರೀಖು ಸಮೇತ. ಒಂದು ಪುಟದಲ್ಲಿ "ಇವತ್ತು ಕರೆಂಟ್ ಇಲ್ಲ, ನೀರು ಬಿಟ್ಟಿಲ್ಲ, ಅಳೆಯಲಿಲ್ಲ" ಅಂತ ಬರೆದಿತ್ತು.

ಹೊರಗೆ ಬಂದ ಮೇಲೆ ಗಣ್ಯರು ಅಂದರು, "135 ಲೀಟರ್ ಅಷ್ಟೇನಾ? ಅದಕ್ಕೇನು ಪ್ರಾಜೆಕ್ಟು?" ಲೆಕ್ಚರರ್ ಅಂದರು, "ಚಾರ್ಟ್ ಮೇಲೆ ಚಿತ್ತು ಹೊಡೆದು ತಂದಿದ್ದಾರಲ್ಲ, ಹೊಸಾ ಚಾರ್ಟ್ ಬರೆಯೋಕೇನಾಗಿತ್ತು?" ಮಾದರಿ ಇಲ್ಲದ್ದರಿಂದ 20ಕ್ಕೆ 4. ಹೊಸತನ ಇಲ್ಲ ಅಂತ 10ಕ್ಕೆ 3. ನಾನು ನನ್ನ ಹಾಳೆಯಲ್ಲಿ ಜಾಸ್ತಿನೇ ಕೊಟ್ಟಿದ್ದೆ. ಸರಾಸರಿಯಲ್ಲಿ ಅದು ಕೊಚ್ಚಿಹೋಯ್ತು. ಕಸದಬುಟ್ಟಿಗೆ ಪ್ರಥಮ. ನಲ್ಲಿ ತಂಡಕ್ಕೆ ಹದಿನಾರನೇ ಜಾಗ. ಫಲಿತಾಂಶದ ಹಾಳೆಗೆ ಮೂರು ಸಹಿ ಬೇಕಿತ್ತು. ಊಟದ ಹೊತ್ತಾಗಿತ್ತು, ಮೇಷ್ಟ್ರು ಮುಖ ನೋಡ್ತಾ ಇದ್ದರು, ಬಸ್ಸಿಗೆ ಹೊತ್ತಾಗ್ತಾ ಇತ್ತು. ನಾನೂ ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿಗೆ ಹೊರಟಾಗ ಆ ಹುಡುಗಿ ಗೇಟಿನ ಹತ್ತಿರ ಸಿಕ್ಕಿದಳು. "ಸಾರ್, ನಮ್ಮ ಲೆಕ್ಕ ಎಲ್ಲಿ ತಪ್ಪಾಗಿತ್ತು?"

ಯಾಕೆ ಬಹುಮಾನ ಬರಲಿಲ್ಲ ಅಂತ ಅವಳು ಕೇಳಲಿಲ್ಲ. ಹದಿನಾರನೇ ಜಾಗ ಬಂತು ಅಂದ್ರೆ ಲೆಕ್ಕದಲ್ಲಿ ಎಲ್ಲೋ ತಪ್ಪಿರಬೇಕು ಅಂತ ಅವಳು ತಿಳ್ಕೊಂಡಿದ್ದಳು. ನಾನು "ಲೆಕ್ಕ ಸರಿಯಾಗೇ ಇತ್ತಮ್ಮಾ" ಅಂದೆ. ಅವಳು ನಂಬಲಿಲ್ಲ. ಯಾಕೆ ನಂಬ್ತಾಳೆ? ನನ್ನ ಬಾಯಿ ಒಂದು ಹೇಳ್ತಿದೆ, ನನ್ನ ಸಹಿ ಇನ್ನೊಂದು ಹೇಳ್ತಿದೆ.

ಇಷ್ಟೂ ಪೀಠಿಕೆ. ಈಗ ಜಗಳಕ್ಕೆ ಬರೋಣ.

ಇಂಥಾ ಸ್ಪರ್ಧೆಗಳನ್ನು ನಾವು ಯಾಕೆ ಮಾಡ್ತೀವಿ? ಪ್ರತಿಭೆ ಗುರುತಿಸೋಕೆ, ವೈಜ್ಞಾನಿಕ ಮನೋಭಾವ ಬೆಳೆಸೋಕೆ ಅಂತ ಉದ್ಘಾಟನೆ ಭಾಷಣದಲ್ಲಿ ಹೇಳ್ತಾರೆ. ನಾನು ಹೇಳೋದು ಇಷ್ಟೇ. ಮಕ್ಕಳು ಕಲಿಯೋದು ಭಾಷಣದಿಂದಲ್ಲ, ಅಂಕಪಟ್ಟಿಯಿಂದ. ಯಾವುದಕ್ಕೆ ಅಂಕ ಕೊಡ್ತೀವೋ ಅದೇ ವಿಜ್ಞಾನ ಅಂತ ಅವರು ತಿಳ್ಕೋತಾರೆ. ಅವತ್ತು ಆ ಹಾಲಿನಲ್ಲಿದ್ದ ನೂರಹತ್ತು ಮಕ್ಕಳು ಏನು ಕಲಿತರು? ಕೊಂಡು ತಂದದ್ದು ಮಾಡಿದ್ದಕ್ಕಿಂತ ಮೇಲು. ಮಾತಾಡುವವನು ಅಳೆಯುವವಳಿಗಿಂತ ಮೇಲು. ತಪ್ಪು ಕಂಡುಹಿಡಿದು ತಿದ್ದಿಕೊಂಡರೆ ಅಂಕ ಹೋಗುತ್ತೆ. ದೊಡ್ಡ ಅಂಕಿ ಸುಳ್ಳಾದರೂ ಇಟ್ಕೊಳ್ಳಿ, ಸಣ್ಣ ಅಂಕಿ ನಿಜವಾದರೂ ಬಿಟ್ಟುಬಿಡಿ. ಆ ಐದು ಮಕ್ಕಳು 648ನ್ನು ಹಾಗೇ ಬಿಟ್ಟಿದ್ದರೆ ಗಣ್ಯರು "ಅಬ್ಬಾ!" ಅಂದಿರ್ತಿದ್ದರು. ಇದಕ್ಕೆ ವೈಜ್ಞಾನಿಕ ಮನೋಭಾವ ಅಂತ ಹೆಸರಾ ಸ್ವಾಮಿ? ಇದು ಅದರ ಉಲ್ಟಾ.

"ಹಳ್ಳಿ ಕಡೆ ಹೀಗೇನೇ, ಇಲ್ಲಿ ಬೇರೆ ಥರ ಗೊತ್ತೇ ಇಲ್ಲ" ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಬೇರೆ ಥರ ನಮ್ಮ ದೇಶದಲ್ಲೇ, ನಮ್ಮ ರಾಜ್ಯದಲ್ಲೇ ಎಷ್ಟೋ ವರ್ಷದಿಂದ ಕಾಗದದ ಮೇಲೆ ಇದೆ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಅಂತ ಕೇಳಿರ್ತೀರಿ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ 1993ರಲ್ಲಿ ದೇಶದಾದ್ಯಂತ ಶುರುವಾದದ್ದು. ಕರ್ನಾಟಕದಲ್ಲಿ ಅದನ್ನು ವರ್ಷಗಟ್ಟಲೆ ಹಳ್ಳಿಹಳ್ಳಿಗೆ ಒಯ್ದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ನಮ್ಮಲ್ಲಿ ಎಷ್ಟೋ ಜನ ಓದಿ ಬೆಳೆದ ಬಾಲವಿಜ್ಞಾನ ಪತ್ರಿಕೆ ಅವರದೇ. ನಾನು ಜಡ್ಜ್ ಆಗಿ ಹೋದ ಸ್ಪರ್ಧೆ ಅದಲ್ಲ, ಗೊಂದಲ ಬೇಡ. ಆ ಸಮಾವೇಶದ ನಿಯಮಗಳನ್ನು ಓದಿ ನೋಡಿ. 10ರಿಂದ 17 ವರ್ಷದ ಯಾವ ಮಗುವೂ ಬರಬಹುದು, ಶಾಲೆ ಬಿಟ್ಟ ಮಗು ಕೂಡಾ. ಎರಡೆರಡು ವರ್ಷಕ್ಕೆ ಒಂದು ಮುಖ್ಯ ವಿಷಯ ಕೊಡ್ತಾರೆ. 2010-11ಕ್ಕೆ ಭೂಸಂಪನ್ಮೂಲ, 2012-13ಕ್ಕೆ ಶಕ್ತಿ, 2014-15ಕ್ಕೆ ಹವಾಮಾನ, ಹೀಗೆ. ಮಕ್ಕಳು ತಮ್ಮ ಸುತ್ತಮುತ್ತಲಿನ ಒಂದು ಸಮಸ್ಯೆ ಆರಿಸ್ಕೊಂಡು, ಹೋಗಿ ನೋಡಿ, ಅಳೆದು, ದಿನಚರಿ ಪುಸ್ತಕದಲ್ಲಿ ಬರೆದಿಟ್ಟು, ವರದಿ ಮಾಡಿ, ತಮ್ಮ ಭಾಷೆಯಲ್ಲೇ ಹೇಳಬೇಕು. ಬೇಕಾಗಿರೋದು ಪ್ರಾಜೆಕ್ಟು, ಹೊಳೆಯುವ ಮಾದರಿಯಲ್ಲ. ಜಿಲ್ಲೆ, ಆಮೇಲೆ ರಾಜ್ಯ, ಆಮೇಲೆ ರಾಷ್ಟ್ರ.

ಇದಕ್ಕಿಂತ ಒಳ್ಳೆ ನಿಯಮ ಯಾರು ಬರೀತಾರೆ? ನಲ್ಲಿ ತಂಡದ ಮಕ್ಕಳು ಮಾಡಿದ್ದು ಅಕ್ಷರಶಃ ಇದನ್ನೇ. ಅವರು ತಪ್ಪು ಹಾಲಿಗೆ ಬಂದಿದ್ದರು, ಅಷ್ಟೇ. ಮೊದಮೊದಲು ಆ ಸಮಾವೇಶದಲ್ಲೂ ತಂಡಕ್ಕೆ ಐದು ಮಕ್ಕಳವರೆಗೆ ಇರಬಹುದಿತ್ತು, ಆಮೇಲಿನ ವರ್ಷಗಳಲ್ಲಿ ಎರಡಕ್ಕೆ ಇಳಿಸಿದರು. ಯಾಕೆ ಇಳಿಸಿದರು ಅಂತ ನಾನು ಊಹೆ ಮಾಡಲ್ಲ. ಆದರೆ ಐದು ಜನರ ತಂಡದಲ್ಲಿ ಮೂರು ಜನ ಪರದೆ ಹಿಡಿಯೋಕೆ ಇರ್ತಾರೆ ಅನ್ನೋದನ್ನು ಶಾಲೆಗೆ ಹೋದವರೆಲ್ಲ ಬಲ್ಲರು.

ತಂಡದ ಕೆಲಸವನ್ನು ಅಳೆಯೋಕಾಗಲ್ಲ ಅಂತ ಹೇಳೋರಿಗೆ ಇನ್ನೆರಡು ಉದಾಹರಣೆ ಕೊಡ್ತೀನಿ.

ಒಂದು, ಹೈಸ್ಕೂಲು ಮಟ್ಟದ ಮಕ್ಕಳಿಗಾಗಿ ಇರುವ ಅಂತರರಾಷ್ಟ್ರೀಯ ಭೌತಶಾಸ್ತ್ರ ಪಂದ್ಯಾವಳಿ. 1979ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1988ರಿಂದ ಬೇರೆ ದೇಶಗಳೂ ಸೇರಿಕೊಂಡವು. ತಂಡಕ್ಕೆ ಐದು ಜನ. ಹದಿನೇಳು ಪ್ರಶ್ನೆಗಳನ್ನು ತಿಂಗಳುಗಟ್ಟಲೆ ಮುಂಚೆಯೇ ಪ್ರಕಟಿಸಿಬಿಡ್ತಾರೆ. ಒಂದಕ್ಕೂ ಪುಸ್ತಕದ ಹಿಂದೆ ಉತ್ತರ ಇರಲ್ಲ, ಮಾಡಿಯೇ ನೋಡಬೇಕು. ಪಂದ್ಯದ ದಿನ ಒಂದು ತಂಡ ತನ್ನ ಉತ್ತರ ಮಂಡಿಸುತ್ತೆ. ಎರಡನೇ ತಂಡ ಎದುರಾಳಿ, ಅದರಲ್ಲಿನ ದೋಷ ಹುಡುಕಬೇಕು, ವಾದ ಮಾಡಬೇಕು. ಮೂರನೇ ತಂಡ ಈ ಎರಡೂ ಕಡೆಯನ್ನು ವಿಮರ್ಶಿಸಬೇಕು. ಆಮೇಲೆ ಪಾತ್ರ ಅದಲುಬದಲು. ಅಂಕ ಮೂರು ಪಾತ್ರಕ್ಕೂ ಉಂಟು. ಅಂದರೆ ಚೆನ್ನಾಗಿ ಪ್ರಶ್ನೆ ಕೇಳಿದ್ದಕ್ಕೂ ಅಂಕ! ನಮ್ಮ ಹಾಲಿನಲ್ಲಿ ಇಪ್ಪತ್ತೆರಡು ತಂಡಗಳು ಪಕ್ಕಪಕ್ಕದಲ್ಲೇ ಆರು ಗಂಟೆ ನಿಂತಿದ್ದವು. ಒಬ್ಬರು ಇನ್ನೊಬ್ಬರ ಮೇಜಿನ ಹತ್ತಿರ ಹೋದರೆ "ನಿಮ್ಮ ಜಾಗ ಬಿಟ್ಟು ಅಲುಗಬೇಡಿ" ಅಂತ ಮೈಕಿನಲ್ಲಿ ಕೂಗ್ತಿದ್ದರು.

ಎರಡು, ಐಜೆಮ್. ಇದು ಜೀವಕೋಶಗಳಿಗೆ ಹೊಸ ಕೆಲಸ ಕಲಿಸುವ ವಿದ್ಯಾರ್ಥಿಗಳ ಸ್ಪರ್ಧೆ. ಅಮೆರಿಕದ ಎಂಐಟಿಯಲ್ಲಿ 2003ರಲ್ಲಿ ಒಂದು ಕೋರ್ಸಾಗಿ ಶುರುವಾಗಿ, 2004ರಲ್ಲಿ ಐದು ತಂಡಗಳ ಸ್ಪರ್ಧೆಯಾಯ್ತು, ಈಗ ಜಗತ್ತಿನ ಮೂಲೆಮೂಲೆಯಿಂದ ಬರ್ತಾರೆ. ಅಲ್ಲಿ ಎರಡು ವಿಷಯ ನನಗೆ ತುಂಬಾ ಹಿಡಿಸಿತು. ಪದಕ ಪೈಪೋಟಿಯಿಂದ ಬರೋದಲ್ಲ. ಇಂತಿಂಥಾ ಕೆಲಸ ಮಾಡಿದ್ದರೆ ಕಂಚು, ಇಷ್ಟು ಮಾಡಿದ್ದರೆ ಬೆಳ್ಳಿ, ಇಷ್ಟಾದರೆ ಚಿನ್ನ ಅಂತ ಮೊದಲೇ ಬರೆದಿರ್ತಾರೆ. ಎಷ್ಟು ತಂಡ ಆ ಮಟ್ಟ ಮುಟ್ಟಿದರೂ ಅಷ್ಟೂ ತಂಡಕ್ಕೆ ಚಿನ್ನ. ಇನ್ನೊಂದು, ಯಾವ ಕೆಲಸ ಯಾರು ಮಾಡಿದರು, ಹೊರಗಿನವರು ಎಲ್ಲಿ ಕೈ ಹಾಕಿದರು ಅಂತ ತಂಡ ಲಿಖಿತವಾಗಿ ಹೇಳಲೇಬೇಕು. ಸಹಾಯ ಪಡೆಯೋದು ತಪ್ಪಲ್ಲ, ಹೇಳದೇ ಇರೋದು ತಪ್ಪು.

ಇದೇನೂ ದೂರದ ಬೆಟ್ಟವಲ್ಲ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳ ತಂಡ ಅಲ್ಲಿಗೆ ಹೋಗಿತ್ತು. ಹೌದು, ಕಲಾ ವಿದ್ಯಾರ್ಥಿಗಳು! ಮೊದಲ ಮಳೆ ಬಿದ್ದಾಗ ಬರುತ್ತಲ್ಲ ಮಣ್ಣಿನ ವಾಸನೆ, ಅದಕ್ಕೆ ಕಾರಣವಾದ ಜಿಯೋಸ್ಮಿನ್ ಅನ್ನುವ ವಸ್ತುವನ್ನು ಬ್ಯಾಕ್ಟೀರಿಯಾದಿಂದ ತಯಾರು ಮಾಡಿಸೋದು ಅವರ ಪ್ರಾಜೆಕ್ಟು. ಜೀವಶಾಸ್ತ್ರ ಓದದವರು ಅದನ್ನು ಕಲಿತು, ತಮ್ಮದೇ ಒಂದು ಪ್ರಶ್ನೆ ಹಿಡ್ಕೊಂಡು ಹೋದರು. ಆ ಪ್ರಶ್ನೆ ಇಲ್ಲಿಯ ಮಳೆಯದ್ದು. ನಮ್ಮ ಹಾಲಿನ ಅಂಕಪಟ್ಟಿಯಲ್ಲಿ "ಮಾದರಿ ಎಲ್ಲಿ?" ಅಂತ ಕೇಳಿ ಅವರಿಗೂ 20ಕ್ಕೆ 4 ಕೊಟ್ಟಿರ್ತಿದ್ದೆವೇನೋ.

ಸರಿ, ಆಕ್ಷೇಪಣೆಗಳು ಬರ್ತವೆ ಅಂತ ಗೊತ್ತು. ನಾನೇ ಹೇಳಿಬಿಡ್ತೀನಿ.

"ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಬರೆಯೋಕೆ ನಿಮಗೇನು ಸ್ವಾಮಿ? ಮೇಷ್ಟ್ರುಗಳ ಪಾಡು ಗೊತ್ತಾ?" ಗೊತ್ತು. ನಮ್ಮಮ್ಮನೂ ಟೀಚರೇ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಮಧ್ಯೆ ಎಲ್ಲಾದರೂ ಪಾಠ. ಅದಕ್ಕೇ ಹೇಳ್ತಿರೋದು. ಥರ್ಮೋಕೋಲ್ ಕತ್ತರಿಸ್ತಾ ರಾತ್ರಿ ಹನ್ನೊಂದರವರೆಗೆ ಕೂರೋದು ಇವತ್ತು ಮೇಷ್ಟ್ರುಗಳೇ. ಮಾದರಿಗೆ ಅಂಕ ಕಮ್ಮಿ ಮಾಡಿ, ನೋಟ್‌ಬುಕ್ಕಿಗೆ ಜಾಸ್ತಿ ಮಾಡಿ. ಅವರ ಕೆಲಸ ಅರ್ಧ ಆಗುತ್ತೆ, ಖರ್ಚೂ ಉಳಿಯುತ್ತೆ. ನೋಟ್‌ಬುಕ್ಕನ್ನು ಮೇಷ್ಟ್ರು ಬರೆದುಕೊಡೋಕಾಗಲ್ಲ. ಬರೆದುಕೊಟ್ಟರೆ ಮಗುವಿಗೆ ಎರಡು ಪ್ರಶ್ನೆ ಕೇಳಿದ ತಕ್ಷಣ ಗೊತ್ತಾಗುತ್ತೆ.

"ಕಿಟ್ ತಂದು ಜೋಡಿಸೋದೂ ಕಲಿಕೆಯೇ ಅಲ್ವಾ?" ಖಂಡಿತ. ನಾನು ಕಿಟ್ ವಿರೋಧಿಯಲ್ಲ. ನಾನು ಅನ್ನ ತಿನ್ನೋದೇ ಬೇರೆಯವರು ಬರೆದ ಕೋಡಿನ ಮೇಲೆ ನಾಲ್ಕು ಸಾಲು ಸೇರಿಸಿ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಇಟ್ಟರು. ಬೋರ್ಡು, ಸೆನ್ಸರು ಎಲ್ಲಾ ಬಂದವು. ಬಹಳ ಒಳ್ಳೆಯದು. ಆದರೆ ಸೆನ್ಸರಿಗೆ ಒಂದು ಪ್ರಶ್ನೆ ಕೇಳದೇ ಇದ್ದರೆ ಅದು ದುಬಾರಿ ಜ್ವಾಲಾಮುಖಿ, ಅಷ್ಟೇ. ಕಸದಬುಟ್ಟಿಯ ಹುಡುಗರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಅವರಿಗೇ ಜಾಸ್ತಿ ಅನ್ಯಾಯ ಆಯ್ತು. ಮೂವತ್ತೈದು ಯಾಕೆ ಬಂತು ಅಂತ ಹುಡುಕೋ ಅವಕಾಶವನ್ನು ಒಂದು ಟ್ರೋಫಿ ಕೊಟ್ಟು ಕಿತ್ಕೊಂಡೆವು.

"ನೀನೂ ಹಾಗೇ ಗೆದ್ದವನಲ್ವಾ?" ಅಂತ ನನ್ನ ಸ್ಕೂಲಿನ ಗೆಳೆಯರು ಕೇಳಬಹುದು. ಹೌದು, ಕೇಳಿ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ತಂಡದ ನೀರೆತ್ತುವ ಪಂಪನ್ನು ಹಳೇ ಸೈಕಲ್ ಟ್ಯೂಬಿನ ವಾಲ್ವ್ ಹಾಕಿ ಮಾಡಿದ್ದು ನನ್ನ ಪಕ್ಕದ ಬೆಂಚಿನವನು. ಮಾತಾಡಿದ್ದು ನಾನು. ಯಾಕಂದ್ರೆ ನನಗೆ ಇಂಗ್ಲಿಷ್ ಬರ್ತಿತ್ತು. ಪೇಪರಿನಲ್ಲಿ ಬಂದ ಫೋಟೋದಲ್ಲಿ ಟ್ರೋಫಿ ನನ್ನ ಕೈಯಲ್ಲಿದೆ, ಅವನ ಮುಖಕ್ಕೆ ನನ್ನ ಮೊಣಕೈ ಅಡ್ಡ ಬಂದಿದೆ. ಅವನು ಪಿಯುಸಿಗೆ ಆರ್ಟ್ಸ್ ತಗೊಂಡ. "ಸೈನ್ಸು ನಿನ್ನಂಥೋರಿಗೆ ಕಣೋ" ಅಂದಿದ್ದ. ಅವತ್ತು ನನಗೆ ಅದು ಹೊಗಳಿಕೆ ಅಂತ ಅನ್ನಿಸಿತ್ತು. ಎಂಥಾ ಪೆದ್ದ ನಾನು!

ಬರೀ ಬೈದು ಹೋದರೆ ಆಗಲ್ಲ. ಏನು ಮಾಡಬೇಕು ಅಂತಾನೂ ಹೇಳಬೇಕು. ದುಡ್ಡು ಬೇಡ, ಸರ್ಕಾರಿ ಆದೇಶ ಬೇಡ, ನಾಳೆಯೇ ಮಾಡಬಹುದಾದದ್ದು.

1. ಮೊದಲ ಐದು ನಿಮಿಷ ಮೇಜಿನ ಸುತ್ತ ಯಾವ ದೊಡ್ಡವರೂ ಇರಬಾರದು. ಮೇಷ್ಟ್ರು, ಅಪ್ಪ, ಅಮ್ಮ, ಟ್ಯೂಷನ್ ಸರ್, ಎಲ್ಲರೂ ಹೊರಗೆ ಕಾಫಿ ಕುಡೀಲಿ.

2. ಚಾರ್ಟ್ ನೋಡೋ ಮೊದಲು ನೋಟ್‌ಬುಕ್ ನೋಡಿ. ನೋಟ್‌ಬುಕ್ಕೇ ಇಲ್ಲದಿದ್ದರೆ ಪ್ರಥಮ ಬಹುಮಾನದ ಮಾತೇ ಬೇಡ.

3. ಮೊದಲ ಪ್ರಶ್ನೆ ನಾಯಕನಿಗಲ್ಲ. ಬಾಯಿ ಬಿಡದೇ ನಿಂತಿರೋ ಮಗುವಿಗೆ. "ಇದರಲ್ಲಿ ನೀನು ಮಾಡಿದ್ದು ಯಾವುದು ಪುಟ್ಟಾ?" ಆ ಮಗುವಿನ ಉತ್ತರವೇ ತಂಡದ ಅಂಕ. ಅದಕ್ಕೆ ಐದಲ್ಲ, ಹದಿನೈದು ಇಡಿ.

4. "ಎಲ್ಲಿ ತಪ್ಪು ಮಾಡಿದ್ರಿ, ಹೇಗೆ ಗೊತ್ತಾಯ್ತು?" ಅಂತ ಎಲ್ಲ ತಂಡಕ್ಕೂ ಕೇಳಿ. ಅದಕ್ಕೂ ಅಂಕ ಇಡಿ. ಚಿತ್ತಿಗೆ ಮರ್ಯಾದೆ ಬರಲಿ.

5. ಮಧ್ಯಾಹ್ನ ಒಂದು ಗಂಟೆ ಮೈಕ್ ಆಫ್ ಮಾಡಿ ಮಕ್ಕಳನ್ನು ಬಿಟ್ಟುಬಿಡಿ. ಪ್ರತಿ ತಂಡ ಬೇರೆ ಎರಡು ತಂಡಕ್ಕೆ ತಲಾ ಒಂದು ಪ್ರಶ್ನೆ ಕೇಳಿ ಬರಲಿ. ಒಳ್ಳೆ ಪ್ರಶ್ನೆಗೂ ಒಂದು ಬಹುಮಾನ.

6. ಏನೇನು ಕೊಂಡಿರಿ, ಎಷ್ಟಾಯ್ತು, ಯಾರು ಸಹಾಯ ಮಾಡಿದರು, ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲಿಡಿ. ನಾಚಿಕೆ ಏನಿಲ್ಲ.

7. ಹದಿನಾರನೇ ಜಾಗ ಅಂತ ಮೈಕಿನಲ್ಲಿ ಓದಬೇಡಿ. ಪ್ರತಿ ತಂಡಕ್ಕೆ ಎರಡು ಸಾಲು ಬರೆದುಕೊಡಿ, ಇದು ಚೆನ್ನಾಗಿತ್ತು, ಇದನ್ನು ಹೀಗೆ ಮಾಡಿ ನೋಡಿ ಅಂತ. ನಾನು ಕಂಪನಿಯಲ್ಲಿ ನಾಲ್ಕು ಸಾಲು ಕೋಡ್ ಬರೆದರೂ ಅದನ್ನು ಇಬ್ಬರು ಓದಿ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಬರೆದು ಕಳಿಸ್ತಾರೆ. ಸಂಬಳ ತಗೊಳ್ಳೋ ನನಗೇ ಅಷ್ಟು ಮರ್ಯಾದೆ ಇದೆ. ಎರಡು ವಾರ ಬೀದಿ ನಲ್ಲಿ ಕೆಳಗೆ ಬಾಟಲಿ ಹಿಡಿದ ಮಗುವಿಗೆ ಒಂದು ಅಂಕಿ ಮಾತ್ರವಾ?

ಇದನ್ನು ಓದ್ತಿರೋ ನಿಮ್ಮಲ್ಲಿ ತುಂಬಾ ಜನ ನನ್ನ ಥರಾನೇ. ಇಂಜಿನಿಯರು, ಲೆಕ್ಚರರು, ಡಾಕ್ಟರು, ಪತ್ರಿಕೆಯವರು. ಊರಿನ ಶಾಲೆಯಿಂದ ನಿಮಗೂ ಒಂದು ದಿನ ಫೋನ್ ಬರುತ್ತೆ. ಹೋಗಿ. ದಯವಿಟ್ಟು ಹೋಗಿ. ಆದರೆ ಹಾಳೆ ಕೈಗೆ ಕೊಟ್ಟಾಗ ಅಂಕದ ಕಾಲಂ ಒಂದ್ಸಲ ಓದಿ, ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ, ಶುರುವಾಗೋ ಮೊದಲೇ ಜಗಳ ಮಾಡಿ. ಊಟದ ಹೊತ್ತಿಗೆ ಜಗಳ ಮಾಡೋಕಾಗಲ್ಲ, ನನ್ನ ಅನುಭವ. ಬಾಳೆ ಎಲೆ ಹಾಕಿದ ಮೇಲೆ ತತ್ವ ಮಾತಾಡೋಕೆ ದೊಡ್ಡ ಎದೆ ಬೇಕು.

ಮೇಷ್ಟ್ರಿಗೆ ಮೊನ್ನೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕಪಟ್ಟಿ ಬರೆದದ್ದು ನಾನೇ ಕಣೋ, ಹೋದ ವರ್ಷದ್ದನ್ನೇ ನಕಲು ಮಾಡಿದ್ದೆ" ಅಂದರು. ಹೋದ ವರ್ಷದ್ದು ಅದರ ಹಿಂದಿನ ವರ್ಷದ ನಕಲು. "ಹೊಸದೊಂದು ಬರೆದು ಕಳಿಸು, ನೋಡೋಣ" ಅಂದರು. ಮೇಲಿನ ಏಳು ಅದೇ. ಅದರಲ್ಲಿ ತಪ್ಪಿದ್ದರೆ ಕೆಳಗೆ ಬರೀರಿ, ಚಿತ್ತು ಹೊಡೆದು ತಿದ್ದಿಕೊಂಡೇ ಕಳಿಸ್ತೀನಿ.

ಆ ಹುಡುಗಿಯ ಶಾಲೆಯ ವಿಳಾಸ ಮೇಷ್ಟ್ರ ಹತ್ತಿರ ಇಸ್ಕೊಂಡಿದ್ದೀನಿ. ಲೆಕ್ಕ ಸರಿಯಾಗಿತ್ತು, ಯಾಕೆ ಸರಿ ಅಂತ ಎರಡು ಪುಟ ಕನ್ನಡದಲ್ಲಿ ಬರೆದು ಇವತ್ತು ಅಂಚೆಗೆ ಹಾಕಿದೆ. ಕೊನೆಯಲ್ಲಿ ಸಹಿ ಹಾಕಿದ್ದೀನಿ. ಈ ಸಲ ಯೋಚನೆ ಮಾಡಿ.